ಆರನೆಯ ತುಂಡು

ಒಂದು ಸಣ್ಣ ಲೆಕ್ಕ ಕೇಳುತ್ತೇನೆ. ಮನೆಯಲ್ಲಿ ಆರು ಮಂದಿ ಇದ್ದೀರಿ. ಮಧ್ಯಾಹ್ನದ ಊಟಕ್ಕೆ ಆರು ಮೊಟ್ಟೆ ಒಡೆದು ಉಳ್ಳಾಗಡ್ಡಿ ಹಾಕಿ ಹುರಿದಿದ್ದೀರಿ. ಮೊದಲು ಗಂಡಸರು ಕುಳಿತರು, ಜೊತೆಗೆ ಮಕ್ಕಳು ಕುಳಿತರು. ಚೆನ್ನಾಗಿದೆ ಎಂದು ಎರಡೆರಡು ಸಲ ಬಡಿಸಿಕೊಂಡರು. ಎಲ್ಲರೂ ಎದ್ದ ಮೇಲೆ ನೀವು ತಟ್ಟೆ ಹಿಡಿದಾಗ ಬಾಣಲೆಯಲ್ಲಿ ಉಳಿದಿರುವುದು ಎಷ್ಟು? ಈ ಲೆಕ್ಕದ ಉತ್ತರ ಶಾಲೆಯ ಯಾವ ಪುಸ್ತಕದಲ್ಲೂ ಇಲ್ಲ. ಆದರೂ ನಮ್ಮಲ್ಲಿ ಬಹಳ ಮಂದಿಗೆ ಅದು ಬಾಯಿಪಾಠವಾಗಿದೆ. ತಳಕ್ಕೆ ಅಂಟಿದ ಒಂದಿಷ್ಟು ಉಳ್ಳಾಗಡ್ಡಿ, ಅದನ್ನು ಒರೆಸಿಕೊಳ್ಳಲು ಅರ್ಧ ರೊಟ್ಟಿ, ಇಷ್ಟೇ ಅಲ್ಲವೇ?

ಗಾಬರಿಯಾಗಬೇಡಿ, ನಾನು ದೂರು ಹೇಳಲು ಕುಳಿತಿಲ್ಲ. ಇಂದು ನಿಮ್ಮೊಡನೆ ಒಂದು ಅಡುಗೆಯ ವಿಷಯ ಮಾತಾಡಬೇಕೆಂದಿದ್ದೇನೆ. ಮೊಟ್ಟೆಯ ಒಂದು ಸಾದಾ ಅಡುಗೆ, ಅರ್ಧ ಗಂಟೆಯ ಕೆಲಸ. ಆದರೆ ಆ ಅಡುಗೆ ನಮ್ಮ ಮೈಲೂರಿನ ಮನೆಯ ದಸ್ತರ್‌ಖಾನಿನ ಲೆಕ್ಕವನ್ನೇ ಸ್ವಲ್ಪ ಬದಲಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಬೀದರಿನ ಮುಸ್ಲಿಮ್ ಮನೆಗಳಲ್ಲಿ ಖಾಗೀನಾ ಗೊತ್ತಿಲ್ಲದವರು ಯಾರೂ ಇರಲಾರರು. ಮನೆಯಲ್ಲಿ ತರಕಾರಿ ಇಲ್ಲ, ಮಾಂಸ ತರಲು ತಿಂಗಳ ಕೊನೆ, ಅಷ್ಟರಲ್ಲಿ ನೆಂಟರು ಬಂದರು ಎಂದರೆ ಖಾಗೀನಾ. ಉಳ್ಳಾಗಡ್ಡಿ ಹೆಚ್ಚು, ತತ್ತಿ ಕಡಿಮೆ. ಹಸಿಮೆಣಸಿನಕಾಯಿ, ಟೊಮೆಟೊ, ಚಿಟಿಕೆ ಅರಿಶಿನ, ಕೊತ್ತಂಬರಿ. ಎಲ್ಲವನ್ನೂ ಬಾಣಲೆಯಲ್ಲಿ ಕೆದಕಿ ಕೆದಕಿ ಒಣಗಿಸಿ ಇಳಿಸುವುದು. ಹೈದರಾಬಾದಿನಲ್ಲಿ ಕೇಳಿದರೆ ಅದು ನಮ್ಮದು ಎನ್ನುತ್ತಾರೆ. 1956ರವರೆಗೆ ನಮ್ಮ ಬೀದರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಹಾಗಾಗಿ ಯಾರದೆಂಬ ಜಗಳವೇ ಬೇಡ. ಖಾಗೀನಾ ಎಂಬ ಶಬ್ದವಂತೂ ಇನ್ನೂ ದೂರದಿಂದ ಬಂದದ್ದು. ಅದು ಪಾರಸಿ ಶಬ್ದ. ಆ ಭಾಷೆಯಲ್ಲಿ ಖಾಗ್ ಎಂದರೆ ಮೊಟ್ಟೆ. ಇಂದಿನ ಇರಾನಿನಲ್ಲಿ ಖಾಗೀನೆ ಎಂದರೆ ಸಾಮಾನ್ಯವಾಗಿ ಸಕ್ಕರೆ ಪಾಕದಲ್ಲಿ ನೆನೆಸಿದ ಸಿಹಿ ತಿಂಡಿ. ನಮ್ಮಲ್ಲಿಗೆ ಬಂದು ಅದು ಖಾರವಾಯಿತು!

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ಅವರ ದರ್ಬಾರಿನ ಭಾಷೆ ಪಾರಸಿಯೇ ಆಗಿತ್ತು. ನೆಲದೊಳಗೆ ಸುರಂಗ ತೋಡಿ ನೀರು ಹರಿಸುವ ಕಾರೇಜ್ ವಿದ್ಯೆ ಆ ಕಡೆಯಿಂದಲೇ ಬಂತು. 1472ರಲ್ಲಿ ಇಲ್ಲಿ ಬಣ್ಣದ ಹೆಂಚುಗಳ ಆ ದೊಡ್ಡ ಮದ್ರಸ ಕಟ್ಟಿಸಿದ ವಜೀರ ಮಹಮೂದ್ ಗವಾನರು ಇರಾನಿನ ಗೀಲಾನ್ ಪ್ರಾಂತದವರು. ನಾನು ಓದಿದ್ದು ಹತ್ತು ಚಾಪೆಗಳ ಸಣ್ಣ ಮದ್ರಸದಲ್ಲಿ, ಆಮೇಲೆ ಬಿ.ಎ. ಓದಿದ್ದು ಮದುವೆಯಾದ ಮೇಲೆ. ಆದರೂ ಗವಾನರ ಮದ್ರಸದ ಮುಂದೆ ಹಾದುಹೋದಾಗಲೆಲ್ಲ ಅದೂ ನನ್ನದೇ ಎನ್ನಿಸುತ್ತದೆ.

ಇನ್ನು ಅಡುಗೆಗೆ ಬರೋಣ. ನನ್ನ ತಮ್ಮ ಸೌದಿಯಲ್ಲಿ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಫೋನಿನಲ್ಲಿ ಹೇಳಿದ: “ಆಪಾ, ಇಲ್ಲಿ ಫ್ರಿಟಾಟಾ ಅಂತ ಒಂದು ಮಾಡುತ್ತೇವೆ. ಇಟಲಿಯವರದು. ಏನಿಲ್ಲ, ನಮ್ಮ ಅಮ್ಮಿಯ ಖಾಗೀನಾವನ್ನು ಕೆದಕದೆ ಸುಮ್ಮನೆ ಬಿಟ್ಟರೆ ಅದೇ ಫ್ರಿಟಾಟಾ. ಅದಕ್ಕೆ ಏನು ಬೆಲೆ ಹಾಕುತ್ತಾರೆ ಗೊತ್ತೇನು?” ಬೆಲೆ ಕೇಳಿ ನಾನು ನಕ್ಕೆ. ಹೆಸರಿನ ಅರ್ಥವೂ ದೊಡ್ಡದೇನಲ್ಲ, ಇಟಲಿಯ ಭಾಷೆಯಲ್ಲಿ ಎಣ್ಣೆಯಲ್ಲಿ ಕರಿದದ್ದು ಎಂದಷ್ಟೇ. ಆಲೂಗಡ್ಡೆ ಹಾಕಿ ಹೀಗೆಯೇ ಮಾಡಿದರೆ ಸ್ಪೇನಿನವರಿಗೆ ಅದು ತೋರ್ತಿಯಾ. ಅರಬರಲ್ಲಿ ಉಜ್ಜಾ. ಇರಾನಿನಲ್ಲಿ ರಾಶಿ ಸೊಪ್ಪು ಹಾಕಿ ಮಾಡುತ್ತಾರೆ, ಅದು ಕೂಕೂ ಸಬ್ಜಿ. ಅವರು ಹೊಸವರ್ಷದ ನೌರೋಜ್ ಊಟಕ್ಕೂ ಅದನ್ನು ಇಡುತ್ತಾರೆ. ಪ್ರಪಂಚದ ಎಲ್ಲ ಕಡೆಯ ತಾಯಂದಿರಿಗೂ ಒಂದೇ ಚಿಂತೆ ಇದ್ದಿರಬೇಕು: ಇರುವ ನಾಲ್ಕು ಮೊಟ್ಟೆಯನ್ನು ಎಲ್ಲರಿಗೂ ಸಾಲುವಂತೆ ಮಾಡುವುದು ಹೇಗೆ?

ನಾನು ಮಾಡುವ ಬಗೆಯನ್ನು ಹೇಳುತ್ತೇನೆ, ಕೇಳಿ. ಓವನ್ ಬೇಡ, ಚೀಸ್ ಬೇಡ. ನಮ್ಮ ಮನೆಯಲ್ಲಿ ಎರಡೂ ಇಲ್ಲ.

ಆರು ಮೊಟ್ಟೆ. ಎರಡು ಮಧ್ಯಮ ಗಾತ್ರದ ಆಲೂಗಡ್ಡೆ, ಎರಡು ಉಳ್ಳಾಗಡ್ಡಿ, ಒಂದು ದೊಡ್ಡ ಹಿಡಿ ಮೆಂತ್ಯೆ ಸೊಪ್ಪು, ಮೂರು ಹಸಿಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ, ಕಾಲು ಚಮಚ ಅರಿಶಿನ, ಮುಕ್ಕಾಲು ಚಮಚ ಉಪ್ಪು, ಎರಡು ದೊಡ್ಡ ಚಮಚ ಹಾಲು, ಮೂರು ದೊಡ್ಡ ಚಮಚ ಎಣ್ಣೆ. ದಪ್ಪ ತಳದ, ಸುಮಾರು ಒಂಬತ್ತು ಇಂಚು ಅಗಲದ ಬಾಣಲೆ, ಅದಕ್ಕೆ ಸರಿಯಾಗಿ ಕೂರುವ ಒಂದು ಮುಚ್ಚಳ.

ಮೊಟ್ಟೆ ಹಳತೋ ಹೊಸತೋ ಎಂಬ ಸಂಶಯವಿದ್ದರೆ ನೀರಿನ ಪಾತ್ರೆಗೆ ಬಿಡಿ. ಹೊಸದು ತಳದಲ್ಲಿ ಮಲಗುತ್ತದೆ. ದಿನ ಕಳೆದಂತೆ ಚಿಪ್ಪಿನೊಳಗಿನ ಗಾಳಿಯ ಜಾಗ ದೊಡ್ಡದಾಗುವುದರಿಂದ ಹಳೆಯದು ಎದ್ದು ನಿಲ್ಲುತ್ತದೆ, ತೀರಾ ಹಳೆಯದು ತೇಲುತ್ತದೆ. ಒಂದೊಂದನ್ನೂ ಮೊದಲು ಬೇರೆ ಬಟ್ಟಲಿಗೆ ಒಡೆದು ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸೇರಿಸಿ. ಕೆಟ್ಟದ್ದೊಂದು ಬಿದ್ದರೆ ಉಳಿದ ಐದೂ ಹೋಗುತ್ತವೆ. ಹಾಲು, ಉಪ್ಪು, ಅರಿಶಿನ ಹಾಕಿ ಹಳದಿ ಬಿಳಿ ಬೆರೆಯುವಷ್ಟು ಕದಡಿದರೆ ಸಾಕು, ನೊರೆ ಬರಿಸಬೇಡಿ. ನೊರೆ ಹೆಚ್ಚಾದರೆ ಬೇಯುವಾಗ ಉಬ್ಬಿ, ಇಳಿಸಿದ ಮೇಲೆ ಕುಸಿದು ಕೂರುತ್ತದೆ.

ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಎಣ್ಣೆಯಲ್ಲಿ ಮುಚ್ಚಿಟ್ಟು ಮೆತ್ತಗಾಗುವವರೆಗೆ ಬೇಯಿಸಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಸೇರಿಸಿ ಬಣ್ಣ ತಿರುಗುವವರೆಗೆ ಹುರಿಯಿರಿ. ಕೊನೆಗೆ ಹೆಚ್ಚಿದ ಮೆಂತ್ಯೆ ಸೊಪ್ಪು. ಸೊಪ್ಪಿನ ನೀರು ಪೂರ್ತಿ ಆರಲೇಬೇಕು. ಅವಸರ ಮಾಡಿದರೆ ಆ ನೀರು ಆಮೇಲೆ ಮೊಟ್ಟೆಯಿಂದ ಬಿಟ್ಟುಕೊಂಡು ಎಲ್ಲ ಚಿತ್ರಾನ್ನವಾಗುತ್ತದೆ. ಟೊಮೆಟೊ ಹಾಕುವುದಾದರೂ ಇದೇ ನಿಯಮ.

ಈಗ ಉರಿ ಸಣ್ಣದು ಮಾಡಿ ಮೊಟ್ಟೆಯನ್ನು ಸುರಿಯಿರಿ. ಮೊದಲ ಅರ್ಧ ನಿಮಿಷ ಅಂಚಿನಿಂದ ಒಳಗೆ ನಿಧಾನವಾಗಿ ಎಳೆದು ಬಿಡಿ, ಹಸಿ ಮೊಟ್ಟೆ ಕೆಳಗಿಳಿಯುತ್ತದೆ. ಆಮೇಲೆ ಸೌಟು ಕೆಳಗಿಡಿ! ಖಾಗೀನಾ ಮಾಡಿ ರೂಢಿಯಾದ ಕೈಗೆ ಇದೇ ಕಷ್ಟದ ಕೆಲಸ. ಮುಚ್ಚಳ ಮುಚ್ಚಿ ಹತ್ತು ಹನ್ನೆರಡು ನಿಮಿಷ ಬಿಟ್ಟುಬಿಡಿ. ಒಳಗಿನ ಆವಿಯಿಂದ ಮೇಲ್ಭಾಗವೂ ಗಟ್ಟಿಯಾಗುತ್ತದೆ. ಮೊಟ್ಟೆ ಅರವತ್ತು ಡಿಗ್ರಿ ದಾಟಿದಾಗ ಹೆಪ್ಪುಗಟ್ಟಲು ಶುರುವಾಗಿ ಎಪ್ಪತ್ತರ ಹೊತ್ತಿಗೆ ಪೂರ್ತಿ ಗಟ್ಟಿಯಾಗುತ್ತದೆ. ನೀರು ಕುದಿಯುವ ಬಿಸಿ ಕೂಡ ಅದಕ್ಕೆ ಬೇಡ. ಉರಿ ಜೋರಾದರೆ ತಳ ಕರಕಲಾಗಿ, ಮೇಲೆ ಹಸಿಯಾಗಿ, ನಡುವೆ ರಬ್ಬರಿನಂತಾಗುತ್ತದೆ. ನಡುವೆ ಚಾಕು ಚುಚ್ಚಿದಾಗ ಹಸಿ ಮೊಟ್ಟೆ ಅಂಟದಿದ್ದರೆ ಆಯಿತು. ಮನೆಯಲ್ಲಿ ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ನಡುಭಾಗ ಪೂರ್ತಿ ಗಟ್ಟಿಯಾಗಲೇಬೇಕು, ಅರೆಬೆಂದ ಮೊಟ್ಟೆಯಿಂದ ಹೊಟ್ಟೆ ಕೆಡುವ ಅಪಾಯವಿದೆ. ಇಳಿಸಿ ಐದು ನಿಮಿಷ ಆರಲು ಬಿಟ್ಟು, ಅಗಲವಾದ ತಟ್ಟೆಯನ್ನು ಮೇಲೆ ಇಟ್ಟು ಬಾಣಲೆಯನ್ನು ಬೋರಲು ಹಾಕಿ. ಜೋಳದ ರೊಟ್ಟಿಯಷ್ಟು ದುಂಡಗೆ, ಎರಡು ಬೆರಳು ದಪ್ಪ, ಹಳದಿ ಹಸಿರು ಬಣ್ಣದ್ದೊಂದು ಚಂದ್ರ ತಟ್ಟೆಗೆ ಇಳಿಯುತ್ತದೆ.

ಇನ್ನು ಇದನ್ನು ಸೌಟಿನಿಂದ ಬಡಿಸಲಾಗದು, ಚಾಕುವಿನಿಂದಲೇ ಕತ್ತರಿಸಬೇಕು. ನಾನು ಹೇಳಲು ಹೊರಟ ವಿಷಯ ಇಲ್ಲಿದೆ.

ಮೊದಲ ಸಲ ಇದನ್ನು ಮಾಡಿದ್ದು ಒಂದು ಭಾನುವಾರ. ಎಲ್ಲರೂ ಮನೆಯಲ್ಲಿದ್ದರು. ನನ್ನವರು, ಅತ್ತೆ, ಇಬ್ಬರು ಗಂಡುಮಕ್ಕಳು, ಹತ್ತನೆಯ ತರಗತಿಯ ಮಗಳು, ನಾನು. ರೊಟ್ಟಿ, ತೊಗರಿ ಬೇಳೆ, ನಿಂಬೆಹಣ್ಣು ಇಟ್ಟಾಗಿತ್ತು. ಚಾಕು ಮಗಳ ಕೈಯಲ್ಲಿತ್ತು. ಅವಳು ದುಂಡನ್ನು ಒಂದು ಸಲ ನೋಡಿ, ಅಡ್ಡ ಒಂದು ಗೆರೆ, ಓರೆ ಎರಡು ಗೆರೆ ಎಳೆದು ಸಮನಾಗಿ ಆರು ತುಂಡು ಮಾಡಿದಳು. ಆರು ತಟ್ಟೆಗಳಿಗೆ ಆರು ಇಟ್ಟಳು. ಇನ್ನೂ ಯಾರೂ ತಿನ್ನಲು ಕುಳಿತಿರಲಿಲ್ಲ. ನನ್ನ ತಟ್ಟೆಯಲ್ಲಿ ನನ್ನ ಪಾಲು ಆಗಲೇ ಇತ್ತು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದೆ. ಬೇರೆಯವರು ಉಣ್ಣುವ ಮೊದಲು ನನ್ನ ಪಾಲು ತಟ್ಟೆಗೆ ಬಿದ್ದದ್ದನ್ನು ಆ ದಿನ ನೋಡಿದೆ.

ಚಿಕ್ಕ ಮಗ ತನ್ನದನ್ನು ಎರಡು ತುತ್ತಿಗೆ ಮುಗಿಸಿ “ಇನ್ನೊಂದು?” ಎಂದ. ಬಾಣಲೆಯಲ್ಲಾಗಿದ್ದರೆ ಇನ್ನೊಂದು ಸೌಟು ಬೀಳುತ್ತಿತ್ತು, ಅದು ಯಾರ ಪಾಲಿನಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಈಗ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಉಳಿದ ತುಂಡುಗಳೆಲ್ಲ ಯಾರಾದರೊಬ್ಬರ ತಟ್ಟೆಯಲ್ಲಿದ್ದವು. ಅವನೇ ನೋಡಿ ಸುಮ್ಮನಾಗಿ ಬೇಳೆ ಬಡಿಸಿಕೊಂಡ.

ಸುಮ್ಮನಾಗದವರು ನಮ್ಮ ಅತ್ತೆ. ಮಕ್ಕಳ ದಾದಿಮಾ. ಭಾಲ್ಕಿ ಕಡೆಯ ಹಳ್ಳಿಯವರು, ವಯಸ್ಸು ಎಪ್ಪತ್ತು ದಾಟಿದೆ. ತಮ್ಮ ತಟ್ಟೆಯ ತುಂಡನ್ನು ಬೆರಳಿನಿಂದ ಮೊಮ್ಮಗನ ಕಡೆಗೆ ಸರಿಸಿ “ನಕ್ಕೋ ಬೇಟಾ, ನನಗೆ ತತ್ತಿ ಸೇರುವುದಿಲ್ಲ, ಹುಡುಗ ತಿನ್ನಲಿ” ಎಂದರು. ಸೇರುವುದಿಲ್ಲ ಎಂಬ ಮಾತನ್ನು ನಾನು ಈ ಮನೆಗೆ ಬಂದಾಗಿನಿಂದ ಕೇಳಿದ್ದೇನೆ. ಮಗಳು ಮಾತ್ರ ಬಿಡಲಿಲ್ಲ. “ದಾದಿಮಾ, ಯಾವಾಗಿನಿಂದ ಸೇರುವುದಿಲ್ಲ?” ಎಂದು ಕೇಳಿದಳು.

ಅತ್ತೆ ಸ್ವಲ್ಪ ಹೊತ್ತು ರೊಟ್ಟಿ ಮುರಿಯುತ್ತ ಕುಳಿತರು. ಆಮೇಲೆ ಹೇಳತೊಡಗಿದರು. ಅವರು ಹೊಸ ಸೊಸೆಯಾಗಿದ್ದಾಗ ಮನೆಯಲ್ಲಿ ಎಂಟು ಹತ್ತು ಕೋಳಿ ಇದ್ದವಂತೆ. ಕಾಳು ಹಾಕುವುದು, ಸಂಜೆ ಬುಟ್ಟಿ ಮುಚ್ಚುವುದು, ತತ್ತಿ ಹುಡುಕಿ ತರುವುದು ಎಲ್ಲ ಅವರ ಕೆಲಸ. ತತ್ತಿಗಳೆಲ್ಲ ಅಂಗಡಿಗೆ ಹೋಗುತ್ತಿದ್ದವು. ಅದರ ಬದಲಿಗೆ ಉಪ್ಪು, ಸೋಪು, ಸೀಮೆಎಣ್ಣೆ ಬರುತ್ತಿತ್ತು. 1972ರ ಬರದಲ್ಲಿ ಜೋಳವೇ ಸಿಗದಿದ್ದಾಗ ಕೋಳಿಗಳೂ ಹೋದವು. ಒಡೆದ ತತ್ತಿ ಇದ್ದರೆ ಮಾತ್ರ ಮನೆಯಲ್ಲಿ ಬೇಯಿಸುತ್ತಿದ್ದರು. ಅದು ಮಾವನವರಿಗೆ, ಇಲ್ಲವೇ ಹೊಲಕ್ಕೆ ಹೋಗುವ ಮೈದುನರಿಗೆ. “ಬೇಡ ಅಂತ ಮೊದಲೇ ಹೇಳಿಬಿಟ್ಟರೆ ಆಸೆ ಆಗುವುದಿಲ್ಲ. ಹಾಗೇ ಹೇಳಿ ಹೇಳಿ ಸೇರದಂತೆ ಆಯಿತು” ಎಂದರು. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹವಾಮಾನದ ವಿಷಯ ಹೇಳಿದಂತೆ ಹೇಳಿದರು.

ನನ್ನವರು ತಮ್ಮ ತಾಯಿಯ ಬಾಯಿಂದ ಇದನ್ನು ಕೇಳಿದ್ದು ಅದೇ ಮೊದಲು. ಅವರು ಏನೂ ಮಾತಾಡಲಿಲ್ಲ. ಮೊಮ್ಮಗನ ಕಡೆ ಸರಿದಿದ್ದ ಆ ತುಂಡನ್ನು ಎತ್ತಿ ಮತ್ತೆ ತಾಯಿಯ ತಟ್ಟೆಗೆ ಇಟ್ಟು, ಅದರ ಮೇಲೆ ಅರ್ಧ ನಿಂಬೆ ಹಿಂಡಿದರು. ದಾದಿಮಾ ಬಿಸ್ಮಿಲ್ಲಾಹ್ ಹೇಳಿ ತಿಂದರು. ತಿಂದು “ಮೆಣಸಿನಕಾಯಿ ಇನ್ನೊಂದು ಬೇಕಿತ್ತು” ಎಂದರು! ಸೇರದಿರುವುದು ಎಲ್ಲಿ ಬಂತು, ನೀವೇ ಹೇಳಿ.

ಸಹೋದರಿಯರೇ, ಕೊನೆಯಲ್ಲಿ ಉಣ್ಣುವುದು, ಉಳಿದದ್ದನ್ನು ಉಣ್ಣುವುದು ನಮಗೆ ತ್ಯಾಗ ಎನ್ನಿಸುತ್ತದೆ. ಅದರಲ್ಲಿ ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ದೇಹ ಕೇಳುವ ಲೆಕ್ಕ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹೆಂಗಸಿಗೆ 29. ಹೆಚ್ಚು ಬೇಕಾದವಳು ಕಡಿಮೆ ಉಣ್ಣುತ್ತಿದ್ದಾಳೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂತು. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ತಿಂಗಳ ಮುಟ್ಟು, ಹೆರಿಗೆ ಇವೆಲ್ಲ ಇದಕ್ಕೆ ಕಾರಣ ಹೌದು. ಊಟದ ಸರದಿಯೂ ಒಂದು ಕಾರಣವಲ್ಲ ಎಂದು ನಾವು ಎದೆ ಮುಟ್ಟಿ ಹೇಳಬಲ್ಲೆವೇ?

ಇಲ್ಲಿ ಒಂದು ಎಚ್ಚರದ ಮಾತು. ಮೊಟ್ಟೆ ತಿಂದರೆ ರಕ್ತವಾಗುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೆಯ ಪ್ರೋಟೀನ್ ಇದೆ, ಬಿ12, ಎ ಮತ್ತು ಡಿ ವಿಟಮಿನ್ ಇವೆ. ಕಬ್ಬಿಣಾಂಶ ಮಾತ್ರ 1 ಮಿಲಿಗ್ರಾಂನಷ್ಟೇ, ಅದೂ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಆದ್ದರಿಂದಲೇ ಜೊತೆಗೆ ಸೊಪ್ಪು, ಬೇಳೆ, ಜೋಳದ ರೊಟ್ಟಿ ಬೇಕು. ಮೇಲೆ ನಿಂಬೆ ಹಿಂಡಿದರೆ ಅವುಗಳ ಕಬ್ಬಿಣಾಂಶ ಹೆಚ್ಚು ಹತ್ತುತ್ತದೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಕಡಿಮೆಯಾಗುತ್ತದೆ, ಒಂದು ಗಂಟೆ ತಡೆಯಿರಿ. ನಮ್ಮ ಊರಿನಲ್ಲಿ ಈ ಮಾತು ಕೇಳುವವರು ಕಡಿಮೆ, ಆದರೂ ಹೇಳುತ್ತೇನೆ. ರಕ್ತ ತೀರ ಕಡಿಮೆಯಿದ್ದರೆ ಅಡುಗೆಮನೆಯಲ್ಲಿ ಚಿಕಿತ್ಸೆ ಹುಡುಕದೆ ವೈದ್ಯರ ಬಳಿ ಹೋಗಿ.

ನಾನು ಕೆಲಸ ಮಾಡುವುದು ಅನುದಾನಿತ ಶಾಲೆಯಲ್ಲಿ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿದಾಗ ಆಯ್ದ ಏಳು ಜಿಲ್ಲೆಗಳಲ್ಲಿ ನಮ್ಮ ಬೀದರೂ ಒಂದಾಗಿತ್ತು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಂಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುತ್ತಿದ್ದರು. ಸಾಲಿನಲ್ಲಿ ನಿಂತು ಬಡಿಸುವಾಗ ನಾನು ಗಮನಿಸುತ್ತೇನೆ. ಅಲ್ಲಿ ಹುಡುಗನಿಗೆ ಒಂದು, ಹುಡುಗಿಗೆ ಅರ್ಧ ಎಂಬುದಿಲ್ಲ. ತಲೆಗೊಂದು. ಕೆಲವು ಹುಡುಗಿಯರು ಮೊಟ್ಟೆಯನ್ನು ಮೆಲ್ಲಗೆ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಕೇಳಿದರೆ “ತಮ್ಮನಿಗೆ, ಟೀಚರ್” ಎನ್ನುತ್ತಾರೆ. ಎಂಟು ವರ್ಷದ ಹುಡುಗಿಗೆ ಇದನ್ನು ಯಾರೂ ಪಾಠ ಮಾಡಿಲ್ಲ. ಮನೆಯಲ್ಲಿ ತಾಯಿ ಉಣ್ಣುವುದನ್ನು ನೋಡಿ ಕಲಿತದ್ದು. ನಾನು ಅವರಿಗೆ ಹೇಳುವುದಿಷ್ಟು: “ತಮ್ಮನ ಮೇಲೆ ಪ್ರೀತಿ ಇರಲಿ, ಇದು ನಿನ್ನದು, ಇಲ್ಲೇ ತಿನ್ನು.” ಮನೆಯಲ್ಲಿ ನನ್ನ ತಟ್ಟೆ ಖಾಲಿಯಿದ್ದರೆ ನನ್ನ ಮಗಳಿಗೆ ಈ ಮಾತನ್ನು ಯಾವ ಬಾಯಿಂದ ಹೇಳಲಿ?

ಹಾಗೆಂದು ನಮ್ಮ ಮನೆಯಲ್ಲಿ ಎಲ್ಲವೂ ಬದಲಾಗಿದೆ ಎಂದುಕೊಳ್ಳಬೇಡಿ. ಮಾಂಸದ ಸಾರಿನ ದಿನ ಈಗಲೂ ಸೌಟಿನದೇ ರಾಜ್ಯ. ನನ್ನ ಕೈ ಈಗಲೂ ಒಳ್ಳೆಯ ತುಂಡನ್ನು ಹುಡುಗರ ಕಡೆಗೇ ಒಯ್ಯುತ್ತದೆ. ಆದರೆ ತಿಂಗಳಿಗೆ ಎರಡು ಮೂರು ಸಲ ಈ ದುಂಡು ಬೇಯುತ್ತದೆ, ಮಗಳು ಆರು ಮಾಡುತ್ತಾಳೆ, ಎಲ್ಲರೂ ಒಟ್ಟಿಗೆ ಕೂರುತ್ತೇವೆ.

ಈಚೆಗೆ ಒಂದು ಭಾನುವಾರ ಹೀಗೆಯೇ ತಟ್ಟೆ ಹಾಕಿದಾಗ ಔರಾದಿನಿಂದ ನನ್ನವರ ಸಂಬಂಧಿಕರೊಬ್ಬರು ಬಂದರು. ಅತಿಥಿಯನ್ನು ಬರೀ ಬೇಳೆ ರೊಟ್ಟಿಯಲ್ಲಿ ಕೂರಿಸುವುದು ಹೇಗೆ? ಫ್ರಿಜ್ಜಿನಲ್ಲಿ ಮೊಟ್ಟೆ ಮುಗಿದಿತ್ತು. ಒಳಮನೆಯಲ್ಲಿ ನಾನು ರೂಢಿಯಂತೆ ನನ್ನ ತಟ್ಟೆಗೆ ಕೈ ಹಾಕಿದೆ. ದಾದಿಮಾ ನನ್ನ ಕೈ ಹಿಡಿದರು. “ನಿನ್ನದು ಯಾಕೆ? ಎಲ್ಲರದರಲ್ಲೂ ಒಂದು ಚೂರು ತೆಗೆ” ಎಂದು ತಾವೇ ಚಾಕು ತೆಗೆದುಕೊಂಡು, ಆರೂ ತಟ್ಟೆಗಳಿಂದ ಒಂದೊಂದು ತೆಳ್ಳನೆಯ ಪಟ್ಟಿ ಕೊಯ್ದು ಏಳನೆಯ ತಟ್ಟೆಯಲ್ಲಿ ಜೋಡಿಸಿದರು. ಮಗಳು ಪಕ್ಕದಲ್ಲಿ ನಿಂತು ಲೆಕ್ಕ ಹಾಕಿದಳು: ಪ್ರತಿಯೊಂದರಿಂದ ಏಳನೆಯ ಒಂದು ಭಾಗ ತೆಗೆದರೆ ಏಳು ಮಂದಿಗೂ ಸರಿಸಮ. ದಾದಿಮಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಅವರ ಚಾಕು ಹೆಚ್ಚು ಕಡಿಮೆ ಅಷ್ಟೇ ತೆಗೆದಿತ್ತು.

ಇಬ್ಬರ ಊಟ ಮೂವರಿಗೆ ಸಾಲುತ್ತದೆ ಎಂಬ ಅರ್ಥದ ಪ್ರವಾದಿ(ಸ)ಯವರ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮದ್ರಸದಲ್ಲಿ ನಾನದನ್ನು ಬಾಯಿಪಾಠ ಮಾಡಿದ್ದೆ. ಮೂರನೆಯವರಿಗೆ ಸಾಲಬೇಕಾದರೆ ಇಬ್ಬರೂ ತಮ್ಮ ಪಾಲಿನಲ್ಲಿ ಬಿಡಬೇಕು, ಯಾವಾಗಲೂ ಒಬ್ಬಳೇ ಪೂರ್ತಿ ಬಿಡುವುದಲ್ಲ. ಅದರ ಈ ಮುಖ ನನಗೆ ಕಂಡದ್ದು ಆ ದಿನ, ಅಡುಗೆಮನೆಯಲ್ಲಿ.

ಬರುವ ಭಾನುವಾರ ನೀವೂ ಇದನ್ನು ಮಾಡಿ ನೋಡಿ. ಮೆಂತ್ಯೆ ಸಿಗದಿದ್ದರೆ ಪಾಲಕ್ ಹಾಕಿ, ಆಲೂಗಡ್ಡೆ ಬೇಡವಾದರೆ ಗಜ್ಜರಿ ಹಾಕಿ. ತುಂಡು ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡಿ ಮಕ್ಕಳ ಡಬ್ಬಿಗೂ ಹಾಕಬಹುದು. ಒಂದೇ ಒಂದು ಕೋರಿಕೆ. ಚಾಕು ಇಡುವ ಮೊದಲು ಮನೆಯಲ್ಲಿ ಎಷ್ಟು ಮಂದಿ ಎಂದು ಎಣಿಸಿ. ಎಣಿಸುವಾಗ ನಿಮ್ಮನ್ನೂ ಸೇರಿಸಿಕೊಳ್ಳಿ.